ಹಸಿಮೈಗೆ ಇಂಗ್ಲಿಷಿನಲ್ಲಿ ಒಂದು ಮಾತು

ಹುಟ್ಟಿದ ಮನೆಯ ಬಗ್ಗೆ ಹೇಳಲಿಕ್ಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಒಂದು ಅಡುಗೆಕೋಣೆ, ಒಂದು ಮಲಗುವ ಕೋಣೆ, ಹಿಂದೆ ತೆಂಗಿನ ಮಡಲು ಕಟ್ಟಿದ ಬಚ್ಚಲು. ಬಚ್ಚಲು ಮಾತ್ರ ಚೆನ್ನಾಗಿ ನೆನಪುಂಟು. ಚಿಕ್ಕಮ್ಮ ಹೆತ್ತಾಗ ಅಮ್ಮ ಅವಳನ್ನು ಅಲ್ಲಿ ಮಣೆಯ ಮೇಲೆ ಕೂರಿಸಿ, ಹಂಡೆಯಿಂದ ಕುದಿಯುವ ನೀರು ತೆಗೆದು ಸೊಂಟಕ್ಕೆ ಹೊಡೆಯುತ್ತಿದ್ದಳು. ಹೊಯ್ಯುವುದಲ್ಲ, ಹೊಡೆಯುವುದು. ಚಿಕ್ಕಮ್ಮ ಕಿರುಚಿದರೆ ಅಮ್ಮ ಇನ್ನೊಂದು ಚೊಂಬು ಜಾಸ್ತಿ ಹೊಡೆಯುತ್ತಿದ್ದಳು. ಆಮೇಲೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಕಿಟಕಿಗೆ ಗೋಣಿ. ಮಗುವಿಗೂ ಅದೇ. ಮಳೆಗಾಲದ ಆಟಿ ತಿಂಗಳು, ಗೋಡೆಯೇ ಬೆವರುವ ಕಾಲ, ಕೆಂಡ ಇಡದಿದ್ದರೆ ಬಟ್ಟೆಗೂ ಬೂಸ್ಟು ಬರುತ್ತಿತ್ತು. ನಾನು ಕಿಟಕಿಯ ಗೋಣಿ ಸರಿಸಿ ಒಳಗೆ ನೋಡಲಿಕ್ಕೆ ಹೋದರೆ ಅಮ್ಮ ಬೈಯುತ್ತಿದ್ದಳು.

"ಹಸಿಮೈ ಅದು! ಗಾಳಿ ತಾಗಿದರೆ ನೀನು ನೋಡಿಕೊಳ್ತೀಯಾ?"

ಹಸಿಮೈ ಅಂದರೆ ಎಂತ ಅಂತ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ನಮ್ಮಲ್ಲಿ ಮಾತಿಗೆ ಅರ್ಥ ಕೇಳುವ ಕ್ರಮ ಇರಲಿಲ್ಲ. ಮಾತು ಬಂತು, ಮಾಡಿದೆವು, ಅಷ್ಟೇ. ಮಾತಿಗೆ ಹಿಂದೆ ಮುಂದೆ ಉಂಟು, ಅದೂ ಎಲ್ಲಿಂದಲೋ ನಡೆದುಕೊಂಡು ಬಂದದ್ದು ಅಂತ ನಾನು ಕಲಿತದ್ದು ಬಹರೇನಿನಲ್ಲಿ, ಅದ್ಲಿಯಾ ಅನ್ನುವ ಪೇಟೆಯ ಒಂದು ಮನೆಯಲ್ಲಿ, ತಲೆಕೂದಲು ನರೆಯಲಿಕ್ಕೆ ಸುರುವಾದ ಮೇಲೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅಲ್ಲಿ ಮಗುವಿನ ಹಾಗೆ ಬಾಯಿ ತೆರೆದು ಒಂದೊಂದೇ ಇಂಗ್ಲಿಷ್ ಮಾತು ಕಲಿತೆ. ಹಾಗಾಗಿ ನನಗೆ ಬಾಲ್ಯದ ಮನೆ ಎರಡು ಅಂತ ಇಟ್ಟುಕೊಳ್ಳಿ. ಎರಡನೆಯದರಲ್ಲಿ ಊಟ ಸರಿಯಾಗಿ ಸಿಕ್ಕಿತು.

ಗಂಡ ತೀರಿದ ಮೇಲೆ ಮಗಳು ರೀಟಾಳೇ ನನ್ನನ್ನು ಕರೆಸಿಕೊಂಡದ್ದು. ಅವಳ ಗಂಡ ವಲ್ಲಿ ಹಿದ್ದ್‌ನ ಬಂದರಿನಲ್ಲಿ ಕೆಲಸಕ್ಕಿದ್ದ, ಅವರ ಫ್ಲ್ಯಾಟ್ ಅಲ್ಲೇ ಹತ್ತಿರ. ಒಂದೇ ಮಲಗುವ ಕೋಣೆ, ಅತ್ತೆಗೆ ಅಲ್ಲಿ ಜಾಗ ಇಲ್ಲ. ನನಗೆ ಅದ್ಲಿಯಾದಲ್ಲಿ ಇಂಗ್ಲಿಷರ ಮನೆಯಲ್ಲಿ ಉಳಿದುಕೊಂಡು ಮಾಡುವ ಕೆಲಸ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು. ನನ್ನ ಕೆಲಸ ಅಡುಗೆ, ಮತ್ತೆ ಹೆಂಡತಿಯ ತಾಯಿಯನ್ನು ನೋಡಿಕೊಳ್ಳುವುದು. ತಾಯಿಯ ಹೆಸರು ಡೋರೀನ್. ಎಂಬತ್ತು ದಾಟಿದ ಮುದುಕಿ, ಕೋಲು ಹಿಡಿದು ನಡೆಯುತ್ತಿದ್ದಳು, ಬಾಯಿಗೆ ಮಾತ್ರ ಕೋಲು ಬೇಕಿರಲಿಲ್ಲ. ಹಿರಿಯಳು, ಅವರು ಇವರು ಅನ್ನಬೇಕು. ಆದರೆ ಇಂಗ್ಲಿಷಿನಲ್ಲಿ ಆ ಭೇದ ಇಲ್ಲ, ಅವಳ ವಿಷಯದಲ್ಲಿ ನಾನೂ ಬಿಟ್ಟಿದ್ದೇನೆ.

ಆ ಮನೆಯಲ್ಲಿ ದಿನಾ ಜಗಳ ಇದ್ದದ್ದು ಎಸಿಗೆ. ಸಣ್ಣ ಮೇಡಂ, ಅಂದರೆ ಮಗಳು, ಬೆಳಿಗ್ಗೆ ಹೋಗುವಾಗ ಎಸಿಯನ್ನು ಮೀನಿನ ಐಸ್ ಪೆಟ್ಟಿಗೆಯ ಹಾಗೆ ಮಾಡಿಟ್ಟು ಹೋಗುತ್ತಿದ್ದಳು. ನಾನು ಕಿವಿಗೆ ಸ್ಕಾರ್ಫ್ ಸುತ್ತಿ ಅದರ ಮೇಲೆ ಶಾಲು ಹೊದ್ದು ಈರುಳ್ಳಿ ಕೊಯ್ಯುತ್ತಿದ್ದೆ. ಹೊರಗೆ ಬಿಸಿಲಿಗೆ ಕಾರಿನ ಬಾಗಿಲು ಮುಟ್ಟಿದರೆ ಕೈಗೆ ಬೊಬ್ಬೆ ಬರಬೇಕು, ಒಳಗೆ ನಾನು ನಡುಗುವುದು. ಮುದುಕಿಗೆ ಅದು ತಮಾಷೆ.

"ನೀನು ನೆಶ್, ಕಾರ್ಮಿನ್," ಅಂದಳು ಒಂದು ದಿನ.

ಬೈಗುಳ ಅಂತ ನನಗೆ ಗೊತ್ತಾಯಿತು. ಯಾವ ಭಾಷೆಯಲ್ಲಾದರೂ ಬೈಗುಳದ ಮುಖ ಬೇರೆ. ಸಂಜೆ ಸಣ್ಣ ಮೇಡಂ ಬಂದಾಗ ನೆಶ್ ಅಂದರೆ ಎಂತ ಅಂತ ಕೇಳಿದೆ. ಅವಳ ಮುಖ ಹುಳಿಯಾಯಿತು.

"ಮಮ್, ಇವಳಿಗೆ ಇಂಥದ್ದೆಲ್ಲ ಕಲಿಸಬೇಡ. ಅಂಥ ಮಾತೇ ಇಲ್ಲ. ಈಗ ಯಾರೂ ಹಾಗೆ ಮಾತಾಡುವುದಿಲ್ಲ."

"ನಾನು ಮಾತಾಡ್ತೇನಲ್ಲ? ನಾನು ಸತ್ತಿದ್ದೇನಾ?" ಅಂದಳು ಮುದುಕಿ.

ಮರುದಿನ ಅಡುಗೆಮನೆಗೆ ಬಂದು ಕುರ್ಚಿ ಎಳೆದು ಕೂತಳು. ನಾನು ಆಗಷ್ಟೇ ಓವನ್ನಿಂದ ಬ್ರೆಡ್ ತೆಗೆದಿದ್ದೆ. ಅದನ್ನು ಮುರಿದು ಒಳಗಿನ ಬಿಳಿ ತಿರುಳಿಗೆ ಬೆರಳು ಒತ್ತಿದಳು. ಇದು ನೆಶ್ ಅಂದಳು. ಕಿಟಕಿಯಲ್ಲಿ ನಾನು ಡಬ್ಬಿಯಲ್ಲಿ ಕರಿಬೇವಿನ ಬೀಜ ಹಾಕಿದ್ದೆ, ಎರಡು ಎಲೆ ಬಂದಿತ್ತು. ಅದನ್ನು ಮುಟ್ಟಿದಳು. ಇದು ನೆಶ್. ಆಮೇಲೆ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿ, ಇದು ಅಲ್ಲ ಅಂದಳು. ಅವಳ ಅಜ್ಜಿಯ ಕಾಲದಲ್ಲಿ ಆ ಮಾತಿಗೆ ಅಷ್ಟೇ ಅರ್ಥವಂತೆ. ಎಳತು, ಮೆದು, ಈಗಷ್ಟೇ ಹೊರಗೆ ಬಂದದ್ದು. ಕುರಿಮರಿಗೆ ಹೇಳುತ್ತಿದ್ದರು, ಹೊಸ ಹುಲ್ಲಿಗೆ ಹೇಳುತ್ತಿದ್ದರು. ಆಮೇಲೆ ಅವಳ ಊರಿನಲ್ಲಿ ಕಲ್ಲಿದ್ದಲ ಗಣಿ ಬಂತು. ಗಂಡಸರು ಹೊಂಡಕ್ಕೆ ಇಳಿದು, ಸೊಂಟದವರೆಗೆ ನೀರಿನಲ್ಲಿ ನಿಂತು ಅಗೆದು, ಒದ್ದೆ ಬಟ್ಟೆಯಲ್ಲೇ ಮಂಜಿನಲ್ಲಿ ಮನೆಗೆ ಬರುವವರು. ಅಂಥ ಊರಿನಲ್ಲಿ ಮೆದು ಅಂದರೆ ಹೊಗಳಿಕೆಯಾ? ಮಾತು ಕೆಟ್ಟಿತು. ಚಳಿ ತಡೆಯದವನು ನೆಶ್. ಇಳಿಯುತ್ತೇನೆ ಅಂತ ಹೇಳಿ ಹೊಂಡದ ಬಾಯಿಯ ಹತ್ತಿರ ಹಿಂದೆ ಸರಿದವನು ನೆಶ್. ಅವಳ ಅಪ್ಪ ಚಳಿ ಮುಗಿಯುವ ಎಪ್ರಿಲ್‌ವರೆಗೆ ತಾನೂ ಕೋಟು ಹಾಕದೆ ಮನೆಯವರಿಗೂ ಹಾಕಲಿಕ್ಕೆ ಬಿಡುತ್ತಿರಲಿಲ್ಲವಂತೆ, ನೆರೆಯವರು ನೆಶ್ ಅಂದಾರು ಅಂತ. ಎದೆಯ ಕಾಯಿಲೆಯಲ್ಲಿ ಸತ್ತ. ಕೋಟು ಹೊಸದೇ ಇತ್ತು.

ಸಣ್ಣ ಮೇಡಂಳ ಗಂಡನಿಗೆ ಇಂಥದ್ದರಲ್ಲಿ ಆಸಕ್ತಿ. ಅವನು ಊಟದ ಮೇಜಿನಲ್ಲೇ ಕಂಪ್ಯೂಟರ್ ತೆರೆದು ನೋಡಿ ಹೇಳಿದ, ಸಾವಿರ ವರ್ಷಕ್ಕೂ ಹಳೆಯ ಮಾತು, ಇಂಗ್ಲಿಷರ ಅತಿ ಹಳೆಯ ಪುಸ್ತಕಗಳಲ್ಲೂ ಉಂಟು, ಆಗ ಮುಂದೆ ಒಂದು ಹಕಾರವೂ ಇತ್ತು, ಸಮುದ್ರದ ಆಚೆಯ ಡಚ್ಚರಲ್ಲೂ ಅದರ ನೆಂಟ ಮಾತು ಇತ್ತು ಅಂತ. ಪೇಟೆಯವರು ಬಿಟ್ಟರು, ಗಣಿಯವರು ಇಟ್ಟುಕೊಂಡರು.

"ಹಳೆ ಪಾತ್ರೆ ಎಸೆಯಲಿಕ್ಕೆ ನಮ್ಮ ಹತ್ತಿರ ಹೊಸದು ಇರಲಿಲ್ಲ," ಅಂದಳು ಡೋರೀನ್, ಮಗಳ ಮುಖ ನೋಡಿ.

ನಾನು ತಟ್ಟೆ ತೆಗೆಯುತ್ತಾ, ನಮ್ಮಲ್ಲೂ ಒಂದು ಮಾತು ಉಂಟು ಅಂದೆ. ಹಸಿಮೈ. ಹೆತ್ತವಳ ಮೈ, ಹುಟ್ಟಿದ್ದರ ಮೈ. ಅದೇ, ಅದೇ ಅಂತ ಮುದುಕಿ ಮೇಜು ಕುಟ್ಟಿದಳು. ಆವತ್ತಿನಿಂದ ನಾವಿಬ್ಬರೂ ಒಂದು ಕಡೆಯವರಾದೆವು. ಬೆಳಿಗ್ಗೆ ಮೇಡಂಳ ಕಾರು ಗೇಟು ದಾಟಿದ ಕೂಡಲೇ ಎಸಿ ಕಡಿಮೆ ಮಾಡುವುದು, ನಾನು ಗಂಜಿಗೆ ಬೆಣ್ಣೆ ಹಾಕಿ ಕೊಡುವುದು, ಅವಳು ಚಾದಲ್ಲಿ ಬ್ರೆಡ್ ಅದ್ದಿ ತಿನ್ನುತ್ತಾ ಊರಿನವರನ್ನು ಬೈಯುವುದು. ಸುಖದ ದಿನ ಅಂದರೆ ಅದೇ. ಹೆಚ್ಚು ಇರಲಿಲ್ಲ.

ಆ ವರ್ಷ ಆಗಸ್ಟಿನಲ್ಲಿ ರೀಟಾ ಹೆತ್ತಳು. ಹೆಣ್ಣು. ಚೊಚ್ಚಲ ಬಾಣಂತನ ತಾಯಿಮನೆಯ ಕೆಲಸ, ನಾನು ಮಾಡಬೇಕಾದದ್ದು. ಆದರೆ ನನ್ನ ವೀಸಾ ಅದ್ಲಿಯಾದವರ ಕೈಯಲ್ಲಿ, ರಜೆ ಶುಕ್ರವಾರ ಮಾತ್ರ. ಹಾಗಾಗಿ ವಲ್ಲಿಯ ತಾಯಿ ಸೆರ್ಫಿನ್ ಬಾಯಿ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದರು. ಬೀಗಿತ್ತಿಗೆ ಸಿಟ್ಟಿನಲ್ಲೂ ಬಾಯಿ ಅನ್ನುವ ಮರ್ಯಾದೆ, ಬಹುವಚನ ತಪ್ಪಿಸಬಾರದು ಅಂತ ಅಮ್ಮ ಕಲಿಸಿದ್ದಳು, ತಪ್ಪಿಸಿಲ್ಲ. ಅವರು ಆರು ಹೆತ್ತವರು, ಊರಿಡೀ ಬಾಣಂತನ ಮಾಡಿದವರು. ಪೆಟ್ಟಿಗೆ ತುಂಬ ಒಳ್ಳೆಮೆಣಸು, ಶುಂಠಿ, ಬೆಲ್ಲ, ಎಣ್ಣೆ. ಬಂದ ದಿನವೇ ಎಸಿಯ ಬಾಯಿಗೆ ಹಳೆಯ ಬೆಡ್‌ಶೀಟ್ ತುರುಕಿದರು. ಬಹರೇನಿನಲ್ಲಿ ಆಗಸ್ಟಿನಲ್ಲಿ ಟ್ಯಾಂಕಿನ ನೀರು ತಾನೇ ಕುದಿಯುತ್ತದೆ. ಎಲ್ಲರೂ ಗೀಸರಿನ ಸ್ವಿಚ್ ಆರಿಸಿ, ಅದರಲ್ಲಿ ನಿಂತ ನೀರನ್ನೇ ತಣ್ಣೀರು ಅಂತ ಮೀಯುವುದು. ಸೆರ್ಫಿನ್ ಬಾಯಿ ಆ ನಳ್ಳಿ ನೀರನ್ನು ಪುನಃ ಗ್ಯಾಸಿನ ಮೇಲೆ ಕುದಿಸಿದರು. ಕೆಂಡಕ್ಕೆ ಎಂತ ಮಾಡುವುದು? ಕೆಳಗಿನ ಕೋಲ್ಡ್ ಸ್ಟೋರ್, ಅಂದರೆ ಅಲ್ಲಿನ ಕಿರಾಣಿ ಅಂಗಡಿಯಿಂದ ಹುಕ್ಕಾದ ಇದ್ದಿಲು ತರಿಸಿದರು. ಬಾಣಂತಿ ಮಂಚದ ಕೆಳಗೆ ಅರಬ್ಬರ ಹುಕ್ಕಾದ ಕೆಂಡ.

ಶುಕ್ರವಾರ ಹೋದೆ. ಕೋಣೆಯ ಬಾಗಿಲು ತೆರೆದಾಗ ಮುಖಕ್ಕೆ ಹೊಡೆದ ಬಿಸಿ ನಮ್ಮ ಬಚ್ಚಲಿನದ್ದೇ. ರೀಟಾ ತಲೆಗೆ ಬಟ್ಟೆ ಸುತ್ತಿ ಕೂತಿದ್ದಳು, ಗಲ್ಲದಿಂದ ನೀರು ಇಳಿಯುತ್ತಿತ್ತು.

"ಇಷ್ಟು ಬೇಡ ಸೆರ್ಫಿನ್ ಬಾಯಿ. ಇದು ನಮ್ಮ ಊರಲ್ಲ. ಸ್ವಲ್ಪ ಎಸಿ ಹಾಕಿ."

"ಬೆವರಲಿ. ಕೆಟ್ಟ ನೀರು ಹೋಗ್ಲಿಕ್ಕೆ ಬೇಕಲ್ಲ? ಈಗ ಗಾಳಿ ತಾಗಿದರೆ ಮುದುಕಿಯಾಗುವಾಗ ಸೊಂಟ ಹಿಡಿಯುತ್ತದೆ. ಆಗ ನೀವಿದ್ದು ಉಜ್ಜುತ್ತೀರಾ?"

"ಮಗುವಿಗಾದರೂ..."

"ಕಾರ್ಮಿನ್ ಬಾಯಿ, ನೀವು ಬಿಳಿಯರ ಮನೆಯಲ್ಲಿ ಕೂತು ತಣ್ಣಗಾಗಿದ್ದೀರಿ. ಬಾಣಂತನ ಮಾಡುವವಳು ನಾನು. ಮಾಡುವವರು ಮಾಡಲಿ, ನೋಡುವವರು ನೋಡಲಿ."

ರೀಟಾ ತಲೆ ತಗ್ಗಿಸಿದಳು. ವಲ್ಲಿ ಡ್ಯೂಟಿಯಲ್ಲಿದ್ದ. ನಾನು ಬಾಯಿ ಮುಚ್ಚಿದೆ. ಹೆದರಿ ಅಲ್ಲ. ಅವರು ಮಾಡಿದ್ದರಲ್ಲಿ ನನ್ನ ಅಮ್ಮ ಮಾಡದ್ದು ಒಂದೂ ಇರಲಿಲ್ಲ. ಅಮ್ಮನ ಕೈಯಲ್ಲಿ ಯಾರೂ ಸತ್ತಿರಲಿಲ್ಲ.

ಆಮೇಲಿನ ವಾರದ ನಡುವೆ, ಮಧ್ಯಾಹ್ನ ಡೋರೀನಳಿಗೆ ಸೂಪು ಕೊಡುತ್ತಿದ್ದೆ, ರೀಟಾಳ ಫೋನು ಬಂತು. ಗಂಟಲು ಬತ್ತಿದ ಸ್ವರ.

"ಮಗು ಹೇಗುಂಟು ಬಾಯೆ?" ಅಂತ ಮಗಳನ್ನು ಕೇಳಿದೆ.

"ತುಂಬ ಒಳ್ಳೇದು ಮಾಯ್. ನಿನ್ನೆ ಸಂಜೆಯಿಂದ ಅಳುವುದೇ ಇಲ್ಲ. ಹಾಲಿಗೂ ಎಬ್ಬಿಸಬೇಕು. ಅತ್ತೆ ಹೇಳಿದರು, ಮೈ ಕಾದು ಮಗು ಚೆನ್ನಾಗಿ ಮಲಗ್ತದೆ, ಮುಟ್ಟಬೇಡ ಅಂತ."

ನಾನು ಫೋನ್ ಇಟ್ಟು ನಗುತ್ತಾ ಮುದುಕಿಗೆ ಹೇಳಿದೆ, ನನ್ನ ಮೊಮ್ಮಗಳು ಅಳುವುದೇ ಇಲ್ಲವಂತೆ, ಬೆಚ್ಚಗೆ ಮಲಗುತ್ತದಂತೆ. ಅವಳು ಚಮಚ ಕೆಳಗಿಟ್ಟಳು. ಕೋಣೆ ಎಷ್ಟು ಬಿಸಿ ಉಂಟು ಅಂತ ಕೇಳಿದಳು. ಹೇಳಿದೆ. ಬಟ್ಟೆ ಎಷ್ಟು ಸುತ್ತಿದ್ದಾರೆ ಅಂತ ಕೇಳಿದಳು. ಹೇಳಿದೆ. ಆಮೇಲೆ ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಅವಳಿಗೆ ಒಬ್ಬ ತಮ್ಮ ಹುಟ್ಟಿದ್ದನಂತೆ, ಚಳಿಗಾಲದಲ್ಲಿ, ತಿಂಗಳು ತುಂಬುವ ಮೊದಲೇ. ಬಂದ ಹೆಂಗಸರೆಲ್ಲ ನೋಡಿ, ನೆಶ್ ಮಗು, ಚಳಿ ತಡೆಯಲಿಕ್ಕಿಲ್ಲ ಅಂದರು. ಬೂಟಿನ ಪೆಟ್ಟಿಗೆಯಲ್ಲಿ ಹತ್ತಿ ತುಂಬಿ, ಅದರಲ್ಲಿ ಮಗುವನ್ನಿಟ್ಟು, ಅಡುಗೆ ಒಲೆಯ ತೆರೆದ ಕಬ್ಬಿಣದ ಬಾಗಿಲ ಮೇಲೆ ಇಟ್ಟರು. ಗಣಿಯವರ ಮನೆಯಲ್ಲಿ ಕಲ್ಲಿದ್ದಲಿಗೆ ಕಡಿಮೆ ಇಲ್ಲ. ಉರಿಸಿದರು.

"ಎಲ್ಲರೂ ಹೊಗಳಿದರು, ಕಾರ್ಮಿನ್. ಎಷ್ಟು ಒಳ್ಳೆ ಮಗು, ಅಳುವುದೇ ಇಲ್ಲ ಅಂತ. ನಾನೇ ಪೆಟ್ಟಿಗೆಯ ಹತ್ತಿರ ಕೂತಿದ್ದೆ. ಸತ್ತ ಮೇಲೆ ಚಳಿಗೆ ಹೋಯಿತು ಅಂದರು. ಚಳಿ ಎಲ್ಲಿತ್ತು? ಪೆಟ್ಟಿಗೆಯ ಕಾಗದ ಕಂದಿ ಹೋಗಿತ್ತು."

ರೀಟಾಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪುನಃ ಮಾಡಿದೆ. ಬಂದರಿನಲ್ಲಿ ವಲ್ಲಿಯ ಫೋನು ಲಾಕರಿನಲ್ಲಿ. ಸಣ್ಣ ಮೇಡಂಳಿಗೆ ಮಾಡಿದೆ, ಅವಳೂ ಎತ್ತಲಿಲ್ಲ. ತಾಯಿಯನ್ನು ಒಂಟಿ ಬಿಡಬಾರದು, ಹೇಳದೆ ಹೊರಗೆ ಕರೆದುಕೊಂಡು ಹೋಗಬಾರದು, ಇದು ಕೆಲಸಕ್ಕೆ ಸೇರಿದ ದಿನವೇ ಹೇಳಿದ ಮಾತು. ನಾನು ಅಡುಗೆಮನೆಯ ನಡುವೆ ನಿಂತಿದ್ದೆ.

"ನನ್ನನ್ನು ಬಿಟ್ಟು ಹೋದರೆ ನಿನ್ನ ಕೆಲಸ ಹೋಗುತ್ತದೆ. ಕರೆದುಕೊಂಡು ಹೋದರೂ ಹೋಗುತ್ತದೆ," ಅಂದಳು ಮುದುಕಿ. "ಕರೆದುಕೊಂಡೇ ಹೋಗು. ನನ್ನ ಕಾರ್ಡಿಗನ್ ಎಲ್ಲಿ?"

ಟ್ಯಾಕ್ಸಿಯವನು ಪಾಕಿಸ್ತಾನದವನು. ಮಗುವಿಗೆ ಹುಷಾರಿಲ್ಲ ಅಂದದ್ದಕ್ಕೆ ಒಂದೂ ಪ್ರಶ್ನೆ ಕೇಳದೆ ಓಡಿಸಿದ. ಮುಹರ್ರಕಿನ ಸೇತುವೆಯ ಮೇಲೆ ಲಾರಿಗಳ ಸಾಲು. ಸಮುದ್ರ ಕಣ್ಣಿಗೆ ಕುಕ್ಕುವಷ್ಟು ಬಿಳಿ. ನಾನು ಜಪಮಾಲೆ ಮನೆಯಲ್ಲೇ ಬಿಟ್ಟಿದ್ದೆ, ಬೆರಳಿನಲ್ಲೇ ಮಾಡಿದೆ, ನಡುನಡುವೆ ಸೆರ್ಫಿನ್ ಬಾಯಿಯನ್ನು ಶಪಿಸಿದೆ, ಪುನಃ ಮೊದಲಿನಿಂದ ಸುರು ಮಾಡಿದೆ. ಟ್ಯಾಕ್ಸಿಯ ಎಸಿ ಪೂರ್ತಿ ನನ್ನ ಮುಖಕ್ಕೇ ಹೊಡೆಯುತ್ತಿತ್ತು. ಕಿವಿಗೆ ಏನೂ ಸುತ್ತಿರಲಿಲ್ಲ, ಆವತ್ತು ಚಳಿಯೇ ಆಗಲಿಲ್ಲ.

ಫ್ಲ್ಯಾಟ್ ಒಂದನೇ ಮಾಳಿಗೆಯಲ್ಲಿ. ಮುದುಕಿ ಗೋಡೆ ಹಿಡಿದು ಹತ್ತುತ್ತಿದ್ದಳು, ನಾನು ಕಾಯಲಿಲ್ಲ. ಸೆರ್ಫಿನ್ ಬಾಯಿ ಬಾಗಿಲು ತೆರೆದು, ಬೀದಿಯಿಂದ ಬಂದ ಕಾಲು, ತೊಳೆದು ಬನ್ನಿ ಅಂದರು. ದೂಡಿಕೊಂಡು ಹೋದೆ. ರೀಟಾ ಮಂಚದಲ್ಲಿ ಅರ್ಧ ಎಚ್ಚರದಲ್ಲಿದ್ದಳು. ಮಗು ಗೋಡೆಯ ಬದಿಗೆ. ಉಲ್ಲನ್ ಟೊಪ್ಪಿ, ಸ್ವೆಟರ್, ಮೇಲೆ ಎರಡು ಸುತ್ತು ಫ್ಲಾನೆಲ್. ತಾಯಿಯ ಮೈಯಿಂದ ನೀರು ಇಳಿಯುತ್ತಿತ್ತು, ಮಗುವಿನ ಮೈಯಲ್ಲಿ ಒಂದು ಹನಿ ಬೆವರಿಲ್ಲ. ಕೆಂಪು, ಒಣ. ಕೆನ್ನೆಗೆ ಕೈ ಇಟ್ಟೆ, ಕಾದ ಕಾವಲಿ. ಕೈ ಎತ್ತಿ ಬಿಟ್ಟೆ, ಬಿದ್ದು ಹೋಯಿತು. ಟೊಪ್ಪಿಗೆ ಕೈ ಹಾಕಿದಾಗ ಸೆರ್ಫಿನ್ ಬಾಯಿ ನನ್ನ ರಟ್ಟೆ ಹಿಡಿದರು.

"ತೆಗೀಬೇಡಿ! ಹಸಿಮೈ ಅದು!"

ನನ್ನ ಅಮ್ಮನ ಸ್ವರವೇ. ನನ್ನ ಕೈ ಒಂದು ಗಳಿಗೆ ನಿಂತದ್ದು ಹೌದು. ಅಷ್ಟರಲ್ಲಿ ಬಾಗಿಲಲ್ಲಿ ಡೋರೀನ್, ಉಸಿರು ಸಿಗದೆ, ಕೋಲಿನ ಮೇಲೆ ಬಗ್ಗಿ ನಿಂತಿದ್ದಳು.

"ಎಂತ ಹೇಳ್ತಾಳೆ ಅವಳು?"

"ನೆಶ್ ಅಂತಾರೆ," ಅಂದೆ.

"ಹೌದು ನೆಶ್! ಅವಳಿಗೆ ಹೇಳು. ನೆಶ್ ಅಂದರೆ ಚಳಿ ತಡೆಯದ್ದು ಅಂತ ಮಾತ್ರ ಅಲ್ಲ, ಅದು ಆಮೇಲೆ ಬಂದದ್ದು. ಮೊದಲಿನಿಂದ ಅದರ ಅರ್ಥ ಮೆದು ಅಂತ. ಮೆದುವಾದದ್ದು ಬೆಂಕಿಯನ್ನೂ ತಡೆಯುವುದಿಲ್ಲ. ಹೇಳು!"

"ಈ ಬಿಳಿ ಮುದುಕಿಗೆ ನಮ್ಮ ಬಾಣಂತನ ಎಂತ ಗೊತ್ತು?" ಅಂದರು ಸೆರ್ಫಿನ್ ಬಾಯಿ. ರಟ್ಟೆ ಬಿಡಲಿಲ್ಲ.

"ಅವರಲ್ಲೂ ಇದೇ ಮಾತು ಉಂಟು ಸೆರ್ಫಿನ್ ಬಾಯಿ. ಇದೇ ಮಾತು ಹೇಳಿ, ಹೀಗೆಯೇ ಬೆಂಕಿಯ ಬದಿಯಲ್ಲಿಟ್ಟು, ಇವಳ ತಮ್ಮನನ್ನು ಕೊಂದರು. ಅವನೂ ಅಳ್ತಿರಲಿಲ್ಲವಂತೆ. ಕೈ ಬಿಡಿ."

ಅವರು ಡೋರೀನಳ ಮುಖ ನೋಡಿದರು. ಅವಳಿಗೆ ನಮ್ಮ ಮಾತು ತಿಳಿಯದು, ಕಣ್ಣು ಮಗುವಿನ ಮೇಲೆಯೇ ಇತ್ತು. ಸೆರ್ಫಿನ್ ಬಾಯಿಯ ಕೈ ಸಡಿಲಾಯಿತು. ನಾನು ಎಲ್ಲ ಬಿಚ್ಚಿ ಬಿಸಾಡಿದೆ. ಕೆಳಗೆ ಟ್ಯಾಕ್ಸಿಯವನು ಕಾಯುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಮಗುವನ್ನು ಹಿಡಿದು ಇಳಿಯುವಾಗ ಹಿಂದಿನಿಂದ ಚಟಚಟ ಸದ್ದು ಕೇಳಿತು. ಸೆರ್ಫಿನ್ ಬಾಯಿ ಮಂಚದ ಕೆಳಗಿನ ಕೆಂಡಕ್ಕೆ ನೀರು ಹೊಯ್ದದ್ದು. ರೀಟಾಳನ್ನು ಹಿಡಿದುಕೊಂಡು ಅವರೂ ಡೋರೀನಳೂ ಅದೇ ಟ್ಯಾಕ್ಸಿ ಹತ್ತಿದರು.

ಆಸ್ಪತ್ರೆಯಲ್ಲಿ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಓಡಿದರು. ರೀಟಾಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬೇರೆ ಕಡೆ ಕೊಂಡುಹೋಗಿ ಡ್ರಿಪ್ಸ್ ಹಾಕಿದರು. ನಾವು ಮೂವರು ಮುದುಕಿಯರು ಹೊರಗೆ ಬೆಂಚಿನಲ್ಲಿ ಸಾಲಾಗಿ ಕೂತೆವು. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ನಾನು ಕಾಯುತ್ತಿದ್ದದ್ದು ಅಳುವಿಗೆ ಮಾತ್ರ, ಅಳು ಬರಲಿಲ್ಲ. ಒಬ್ಬಳು ನರ್ಸ್, ಕೇರಳದವಳು, ಹೊರಗೆ ಬಂದು, ಮಗುವಿಗೆ ಫಿಟ್ಸ್ ಬಂತು, ಡಾಕ್ಟರ್ ನೋಡುತ್ತಿದ್ದಾರೆ, ಪ್ರಾರ್ಥನೆ ಮಾಡಿ ಅಂದಳು. ನರ್ಸುಗಳು ಹಾಗೆ ಹೇಳಿದರೆ ಅದರ ಅರ್ಥ ನನಗೆ ಗೊತ್ತು. ಗಂಡನ ಸಲವೂ ಹೇಳಿದ್ದರು. ದೇವರಿಗೆ ಹರಕೆ ಹೇಳಲಿಕ್ಕೆ ನೋಡಿದೆ, ಕೊಡಲಿಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಆ ಆಸ್ಪತ್ರೆಯ ಎಸಿ ಅದ್ಲಿಯಾದ ಮನೆಯದ್ದಕ್ಕಿಂತ ಜಾಸ್ತಿ. ಸೆರ್ಫಿನ್ ಬಾಯಿ ಬೆವರಿನಲ್ಲಿ ತೊಯ್ದ ಹತ್ತಿ ಸೀರೆಯಲ್ಲೇ ಬಂದಿದ್ದರು. ಸ್ವಲ್ಪ ಹೊತ್ತಿನಲ್ಲಿ ನಡುಗಲಿಕ್ಕೆ ಸುರು ಮಾಡಿದರು. ಹಲ್ಲು ಕಟಕಟ. ಎರಡು ಕೈ ಕಂಕುಳಿಗೆ ಸಿಕ್ಕಿಸಿ, ನೆಲ ನೋಡುತ್ತಾ ನಡುಗುತ್ತಿದ್ದರು. ನಡುಗಲಿ ಅಂತ ಬಿಟ್ಟೆ. ನನ್ನ ಹೆಗಲಲ್ಲಿ ಶಾಲು ಇತ್ತು, ಕೊಡಲಿಲ್ಲ. ಕೊಡಬೇಕಿತ್ತು ಅಂತ ಈಗಲೂ ಅನ್ನಿಸುವುದಿಲ್ಲ.

ಡೋರೀನ್ ನನ್ನ ಆಚೆ ಕೂತಿದ್ದಳು. ಎದ್ದಳು. ತನ್ನ ಉಲ್ಲನ್ ಕಾರ್ಡಿಗನ್ನಿನ ಗುಂಡಿ ಒಂದೊಂದಾಗಿ ಬಿಚ್ಚಿದಳು, ಬೆರಳು ಸೆಟೆದದ್ದಕ್ಕೆ ತುಂಬ ಹೊತ್ತು ಹಿಡಿಯಿತು. ಕೋಲು ಊರಿಕೊಂಡು ಹೋಗಿ ಸೆರ್ಫಿನ್ ಬಾಯಿಯ ಹೆಗಲಿಗೆ ಹೊದಿಸಿದಳು.

"ನೆಶ್," ಅಂದಳು. ಬೈಗುಳದ ಮುಖ ಇರಲಿಲ್ಲ.

ಸೆರ್ಫಿನ್ ಬಾಯಿ ನನ್ನ ಕಡೆ ತಿರುಗಿದರು.

"ಎಂತ ಹೇಳಿದರು?"

"ಹಸಿಮೈ ಅಂದಳು. ನಿಮ್ಮನ್ನು."

ಆಗ ಅವರು ಅಳಲಿಕ್ಕೆ ಸುರು ಮಾಡಿದರು. ಸದ್ದಿಲ್ಲದೆ ಅಲ್ಲ, ಕಾರಿಡಾರಿನವರೆಲ್ಲ ತಿರುಗಿ ನೋಡುವ ಹಾಗೆ.

ಕತ್ತಲಾಗುವ ಮೊದಲು ಡಾಕ್ಟರ್ ಬಂದು, ಜೀವಕ್ಕೆ ಅಪಾಯ ಇಲ್ಲ, ಮಿಕ್ಕದ್ದು ಬೆಳೆಯುವಾಗ ಗೊತ್ತಾಗುತ್ತದೆ ಅಂದ. ಗೊತ್ತಾಯಿತು. ಮೊಮ್ಮಗಳು ನಡೆಯುತ್ತಾಳೆ, ಶಾಲೆಗೆ ಹೋಗುತ್ತಾಳೆ, ಪಟಪಟ ಇಂಗ್ಲಿಷ್ ಮಾತಾಡುತ್ತಾಳೆ. ಜ್ವರ ಬಂದರೆ ಮಾತ್ರ ಮನೆಯಲ್ಲಿ ಯಾರೂ ಮಲಗುವುದಿಲ್ಲ, ಫಿಟ್ಸ್ ಇನ್ನೂ ಬರುತ್ತದೆ. ಆವತ್ತು ರಾತ್ರಿ ಸಣ್ಣ ಮೇಡಂ ಆಸ್ಪತ್ರೆಗೇ ಬಂದು ತಾಯಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ಮಗುವಿನ ಬಗ್ಗೆ ಕೇಳಿದಳು, ಬೇಸರ ಪಟ್ಟಳು, ಮರುದಿನ ನನ್ನ ವೀಸಾ ಕ್ಯಾನ್ಸಲ್ ಮಾಡಿಸಿದಳು. ತಾಯಿಗೆ ಏನಾದರೂ ಆಗಿದ್ದರೆ ಅಂದಳು. ಅದೂ ಸರಿಯೇ. ಡೋರೀನಳನ್ನು ಪುನಃ ನೋಡಲಿಕ್ಕೆ ಆಗಲಿಲ್ಲ. ಪೆಟ್ಟಿಗೆ ತರಲಿಕ್ಕೆ ಹೋದಾಗ ಅವಳು ಮಲಗಿದ್ದಾಳೆ ಅಂದರು.

ಊರಿಗೆ ಬಂದ ಮೇಲೆ ನನಗೆ ಹೋಗಲಿಕ್ಕೆ ಬೇರೆ ಮನೆ ಇರಲಿಲ್ಲ. ವಲ್ಲಿ ಕಟ್ಟಿಸಿದ ಮನೆಯಲ್ಲಿ ಸೆರ್ಫಿನ್ ಬಾಯಿಯ ಜೊತೆ ಇದ್ದೇನೆ. ಒಂದೇ ಒಲೆ, ಬೇರೆ ಬೇರೆ ಪಾತ್ರೆ. ಆ ದಿನದ ವಿಷಯ ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಕಾರ್ಡಿಗನ್ ಅವರ ಕೋಣೆಯ ಮೊಳೆಯಲ್ಲಿ ತೂಗುತ್ತದೆ. ನೀಲಿ ಬಣ್ಣ, ಈಗ ಮೊಣಕೈಯ ಹತ್ತಿರ ತೂತಾಗಿದೆ. ಡಿಸೆಂಬರಿನಲ್ಲಿ ಮುಂಜಾನೆ ಪೂಜೆಗೆ ಹೋಗುವಾಗ ಸೀರೆಯ ಮೇಲೆ ಹಾಕಿ, ಗುಂಡಿ ಎಲ್ಲ ಹಾಕಿಕೊಂಡು ಹೋಗುತ್ತಾರೆ. ಕಳೆದ ಸಲ ರಜೆಗೆ ಬಂದಾಗ ಮೊಮ್ಮಗಳು ಅದನ್ನು ಮುಟ್ಟಿ, ಇದು ಯಾರದ್ದು, ತುಂಬ ಓಲ್ಡ್ ಫ್ಯಾಷನ್ ಅಂದಳು.

"ನನ್ನದೇ," ಅಂದರು ಸೆರ್ಫಿನ್ ಬಾಯಿ.

ನಾನು ಮೀನು ಕೊಯ್ಯುತ್ತಿದ್ದೆ. ಕೊಯ್ಯುತ್ತಾ ಇದ್ದೆ.